ಕಂಬಳಿಯೂ ಅದನ್ನು ನೂತ ಕೈಗಳೂ

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಕಂಬಳಿಯನ್ನು ಅರಿಯದವರು ಯಾರೂ ಇರಲಾರರು. ಕೂಸಾಗಿದ್ದಾಗ ಅದರ ಮೇಲೆ ಮಲಗಿದ್ದೇವೆ. ಮಳೆ ಹಿಡಿದಾಗ ಅಜ್ಜನ ಕಂಬಳಿಕೊಪ್ಪೆಯೊಳಗೆ ನುಸುಳಿದ್ದೇವೆ. ಸುಗ್ಗಿಯ ಇರುಳಿನಲ್ಲಿ ಜೋಳದ ರಾಶಿಯ ಬದಿಗೆ ಅದನ್ನು ಹಾಸಿಕೊಂಡು ಚಿಕ್ಕೆಗಳನ್ನು ಎಣಿಸಿದ್ದೇವೆ. ಆದರೆ ಓದಲೆಂದು ಊರು ಬಿಟ್ಟು ವಸತಿಗೃಹವನ್ನು ಸೇರಿದ ದಿನ ಅದೇ ಕಂಬಳಿಯನ್ನು ಟ್ರಂಕಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಮಡಿಚಿಟ್ಟವರೂ ನಾವೇ. ಅದು ಚುಚ್ಚುವದು, ಅದಕ್ಕೆ ಕುರಿಯ ವಾಸನೆಯುಂಟು, ಅದು ಅಡವಿಯಲ್ಲಿ ತಿರುಗುವವರ ಹೊದಿಕೆ ಎಂದು ಒಬ್ಬಳು ನಕ್ಕರೆ ಸಾಕು, ಉಳಿದವರಿಗೆ ಚಳಿಯೇ ಲೇಸೆಂದು ತೋರುತ್ತಿತ್ತು. ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಕೂಡಿ ಓದುವ ಈ ಸಂಚಿಕೆಯಲ್ಲಿ ಆ ಲಜ್ಜೆಯ ಲೆಕ್ಕವನ್ನು ಒಮ್ಮೆ ಒಪ್ಪಿಸುವದು ಯುಕ್ತವೆಂದು ನಮ್ಮ ಭಾವನೆ. ನಾವು ಮುಚ್ಚಿಟ್ಟದ್ದು ಬರಿಯ ಹೊದಿಕೆಯೆಂದು ಅಂದು ತಿಳಿದಿದ್ದೆವು. ಅದರ ಎಳೆಯನ್ನು ನೂತವಳು ನಮ್ಮ ಅಜ್ಜಿಯೋ ನೆರೆಮನೆಯ ದೊಡ್ಡವ್ವನೋ ಆಗಿದ್ದಳೆಂಬದು ಬಹುಕಾಲದ ಮೇಲೆ ಹೊಳೆಯಿತು.

ಮೊದಲು ಹೆಸರಿನ ವಿಚಾರ. ಕಂಬಳಿಯೆಂಬ ಮಾತು ಸಂಸ್ಕೃತದ 'ಕಂಬಲ'ದಿಂದಲೂ, ಉಣ್ಣೆಯೆಂಬದು 'ಊರ್ಣಾ' ಶಬ್ದದಿಂದಲೂ ಬಂದವು. ಕಂಬಲವು ಅಥರ್ವವೇದದಷ್ಟು ಹಿಂದಿನಿಂದಲೇ ಕಾಣಬರುವ ಶಬ್ದವು. ಪಾಣಿನಿಯು 'ಕಂಬಲ್ಯ'ವೆಂಬ ಇನ್ನೊಂದು ಶಬ್ದವನ್ನು ಸಾಧಿಸಿದ್ದಾನೆ; 100 ಪಲ ತೂಕದ ಉಣ್ಣೆಗೆ ಆ ಹೆಸರೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಒಂದು ಕಂಬಳಿಗೆ ಎಷ್ಟು ಉಣ್ಣೆ ಹಿಡಿಯುವದೆಂಬ ಲೆಕ್ಕವು ಆಗಿನ ಸಂತೆಯವರಿಗೆ ಬಾಯಿಪಾಠವಾಗಿದ್ದಿತೆಂದು ಇದರಿಂದ ಊಹಿಸಬಹುದು. ಬುದ್ಧನ ಕಾಲದಲ್ಲಿದ್ದ ಅಜಿತನೆಂಬ ಆಚಾರ್ಯನಿಗೆ, ಕೂದಲಿನ ಕಂಬಳಿ ಹೊದೆಯುತ್ತಿದ್ದ ಕಾರಣ, ಕೇಶಕಂಬಲಿಯೆಂದೇ ಹೆಸರು ನಿಂತಿತು. ಇನ್ನು ಕುರಿಯೆಂಬ ಶಬ್ದವಾದರೋ ದ್ರಾವಿಡ ನುಡಿಗಳದೇ ಸ್ವಂತ ಸೊತ್ತು. ತೆಲುಗಿನವರ 'ಗೊರ್ರೆ'ಯು ಅದರ ಒಡಹುಟ್ಟು. ಹೊದಿಕೆಯ ಹೆಸರು ದೂರದಿಂದ ಬಂದರೂ ಅದನ್ನು ಮೈಮೇಲೆ ಹೊತ್ತ ಪ್ರಾಣಿಯ ಹೆಸರು ಮನೆಯದೇ ಆಗಿದೆ.

ಹಳೆಯ ಗ್ರಂಥಗಳಲ್ಲಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದುದು ಕೌಟಿಲ್ಯನ ಅರ್ಥಶಾಸ್ತ್ರದ ಸೂತ್ರಾಧ್ಯಕ್ಷ ಪ್ರಕರಣವು. ಅದರಲ್ಲಿ ಉಣ್ಣೆ, ನಾರು, ಹತ್ತಿ ಮೊದಲಾದವುಗಳನ್ನು ನೂಲುವ ಕೆಲಸವನ್ನು ವಿಧವೆಯರಿಗೂ, ಅಂಗಹೀನರಾದ ಸ್ತ್ರೀಯರಿಗೂ, ಕನ್ಯೆಯರಿಗೂ ಒಪ್ಪಿಸಬೇಕೆಂದು ಹೇಳಿದೆ. ನೂಲು ನುಣುಪೋ, ಒರಟೋ, ಮಧ್ಯಮವೋ ಎಂಬದನ್ನು ನೋಡಿ ಕೂಲಿಯನ್ನು ನಿಶ್ಚಯಿಸಬೇಕೆಂದು ಹೇಳಿದೆ. ಮನೆಯಿಂದ ಹೊರಬೀಳದ ಹೆಂಗಸರಿಗೆ ದಾಸಿಯರ ಮುಖಾಂತರ ಮರ್ಯಾದೆಯಿಂದ ಕೆಲಸ ತಲುಪಿಸಬೇಕೆಂದೂ ಹೇಳಿದೆ. ಆ ರಾಜ್ಯವು ಕಠಿಣವಾಗಿದ್ದಿರಬಹುದು; ಆದರೆ ನೂಲುವವಳೊಬ್ಬಳಿದ್ದಾಳೆ, ಅವಳ ಎಳೆಗೆ ಬೆಲೆಯುಂಟು ಎಂಬ ಮಾತನ್ನು ಅದು ಮರೆತಿರಲಿಲ್ಲ. ಇಂದು ಈ ಮಾತನ್ನೇ ನಾವು ಮರೆತಿದ್ದೇವೆಂದು ತೋರಿಸುವದಕ್ಕಾಗಿ ಈ ಲೇಖನವು.

ನಮ್ಮ ಸೀಮೆಯಲ್ಲಿ ಕಂಬಳಿಯ ಹುಟ್ಟನ್ನು ಕುರಿತು ಹಾಲುಮತದವರು ಹೇಳುವ ಕಥೆಯು ಬೇರೆಯೇ ಇದೆ. ಉಂಡಾಡು ಪದ್ಮಣ್ಣನೆಂಬವನು ಹೊಲವನ್ನು ಉಳುತ್ತಿರುವಾಗ ಒಂದು ಹುತ್ತ ಒಡೆದು ಅದರೊಳಗಿನಿಂದ ಕುರಿಗಳು ಹೊರಬಿದ್ದವಂತೆ. ಅಂದಿನಿಂದ ನೇಗಿಲಿನವನು ಕೋಲು ಹಿಡಿದು ಕುರಿಗಳ ಹಿಂದೆ ನಡೆದನಂತೆ. ಕಥೆಯು ಊರಿಂದೂರಿಗೆ ಬದಲಾಗುವದು. ಆದರೆ ಉಣ್ಣೆಯು ಆ ಜನರ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬದನ್ನು ಅವರ ಮದುವೆಯ ಕಂಕಣವೇ ಸಾರುತ್ತದೆ. ಕುರುಬರಲ್ಲಿ ಉಣ್ಣೆಕಂಕಣದವರೆಂದೂ ಹತ್ತಿಕಂಕಣದವರೆಂದೂ ಎರಡು ಬಳಗಗಳಿವೆ. ಮದುಮಕ್ಕಳ ಮುಂಗೈಗೆ ಕಟ್ಟುವ ದಾರವು ಯಾವ ನೂಲಿನದೆಂಬದರ ಮೇಲೆಯೇ ಕುಲವನ್ನು ಗುರುತಿಸುವರು. ನೂಲಿನ ಎಳೆಯೊಂದು ವಂಶದ ಹೆಸರಾಗಿ ನಿಂತ ಉದಾಹರಣೆಗಳು ಬಹಳ ಇರಲಾರವು.

ಕಂಬಳಿಯ ಗೌರವವು ಒಂದೇ ಕುಲಕ್ಕೆ ಸೀಮಿತವಾದುದೂ ಅಲ್ಲ. ಕರಿಯ ಕಂಬಳಿಯನ್ನು ಮಡಿಸಿ ಹಾಸಿದರೆ ಅದು ಗದ್ದಿಗೆಯಾಗುವದು. ಅದರ ಮೇಲೆ ಬೀರಪ್ಪನ ಬಂಡಾರವನ್ನಿಟ್ಟರೆ ದೇವರ ಪೀಠವಾಗುವದು. ಮೈಲಾರಲಿಂಗನ ಗೊರವಯ್ಯನು ತೊಡುವದು ಕಂಬಳಿಯ ನಿಲುವಂಗಿಯನ್ನೇ. ಹತ್ತಿಯ ಬಟ್ಟೆಯನ್ನು ಮುಟ್ಟಿದರೆ ಮೈಲಿಗೆಯೆನ್ನುವ ಮಡಿವಂತರ ಮನೆಯಲ್ಲಿ ಸಹ ಉಣ್ಣೆಯ ಧಾಬಳಿಗೆ ಮಡಿಯ ಮಾನ್ಯತೆಯಿದೆ. ಕನಕದಾಸರ ಪಟದಲ್ಲಿಯೂ, 1831 ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮೂರ್ತಿಗಳಲ್ಲಿಯೂ ಹೆಗಲ ಮೇಲೆ ಕಂಬಳಿಯನ್ನು ಕಾಣುತ್ತೇವೆ. ದಾಸನಿಗೂ ವೀರನಿಗೂ ದೇವರಿಗೂ ಒಪ್ಪಿದ ಬಟ್ಟೆಯು ಶಾಲೆಗೆ ಬಂದ ಹುಡುಗಿಗೆ ಏಕೆ ಅವಮಾನದ ಸಂಗತಿಯಾಯಿತೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಈಗ ಅದು ಆಗುವ ಬಗೆಯನ್ನು ನೋಡೋಣ. ದಖ್ಖನಿ ತಳಿಯ ಕುರಿಯು ಬಿಸಿಲಿಗೂ ಬರಕ್ಕೂ ಬಗ್ಗದ ಗಟ್ಟಿ ಪ್ರಾಣಿ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ದಂಡೆಯ ಎರೆನೆಲದಲ್ಲಿಯೂ, ಬದಾಮಿಯ ಕೆಂಗಲ್ಲಿನ ಗುಡ್ಡಗಳಲ್ಲಿಯೂ ಅದು ಮೇದು ಬದುಕುವದು. ಅದರ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುವರು. ಆ ಉಣ್ಣೆಯು ಹೆಚ್ಚಾಗಿ ಹುಟ್ಟುಗಪ್ಪು. ಬಣ್ಣದ ಹಂಡೆಯ ಗೊಡವೆಯೇ ಅದಕ್ಕಿಲ್ಲ. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯು ಎಲ್ಲಕ್ಕಿಂತ ಮೆತ್ತಗೆ. ಕತ್ತರಿಸಿದ್ದನ್ನು ಮುಳ್ಳು ಕಸ ಆರಿಸಿ, ಬಿಡಿಸಿ, ಹಿಂಜಿ, ಹದಮಾಡುವರು. ಆ ಮೇಲೆ ರಾಟಿಯ ಸರದಿ. ನೂತ ಎಳೆಯನ್ನು ಬಯಲಿನಲ್ಲಿ ಗೂಟಗಳಿಗೆ ಹಾಸಾಗಿ ಹಾಕಿ, ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಬಳಿದು, ಬಿಸಿಲಲ್ಲಿ ಬಿಗಿಯಾಗಿಸುವರು. ಬಳಿಕ ಕುಣಿಮಗ್ಗದಲ್ಲಿ ಹಾಸಿಗೆ ಹೊಕ್ಕು ಕೂಡಿ ಕಂಬಳಿಯಾಗುವದು.

ಈ ಸಾಲಿನಲ್ಲಿ ಹೆಂಗಸರ ಕೈ ಎಲ್ಲಿದೆಯೆಂಬದನ್ನು ಗಮನಿಸಬೇಕು. ಮಗ್ಗದ ಕುಣಿಯಲ್ಲಿ ಗಂಡಸು ಕುಳಿತಿರುವದರಿಂದ ನೋಡುವವನು ಅವನನ್ನೇ ನೇಕಾರನೆನ್ನುವನು. ಸಂತೆಯಲ್ಲಿ ಮಾರಿ ಹಣ ಎಣಿಸುವವನೂ ಅವನೇ. ಆದರೆ ಆರಿಸುವದು, ಹಿಂಜುವದು, ನೂಲುವದು ಇವು ಬಹುತರವಾಗಿ ಅವ್ವ, ಅತ್ತೆ, ನೆಗೆಣ್ಣಿಯರ ಕೆಲಸಗಳು. ಒಂದು ಮಗ್ಗವು ಬರಿದಾಗದಂತೆ ನಡೆಯಬೇಕಾದರೆ ಹಲವು ರಾಟಿಗಳು ತಿರುಗಬೇಕು. ಇವಳು ರೊಟ್ಟಿ ಬಡಿದು, ನೀರು ತಂದು, ಕೂಸನ್ನು ಮಲಗಿಸಿ, ಉಳಿದ ವೇಳೆಯಲ್ಲಿ ನೂಲುವಳು. ಉಳಿದ ವೇಳೆಯ ಕೆಲಸವಾದ ಕಾರಣ ಅದಕ್ಕೆ ಕೆಲಸವೆಂಬ ಹೆಸರೂ ಇಲ್ಲ, ಕೂಲಿಯ ಲೆಕ್ಕವೂ ಇಲ್ಲ. ಕಂಬಳಿಯ ಜೀವವಾದರೋ ಆ ಎಳೆಯಲ್ಲಿಯೇ ಇದೆ: ಎಳೆ ಸಡಿಲಾದರೆ ಮಳೆ ಸೋರುವದು, ಅತಿಯಾಗಿ ಹುರಿಗೊಂಡರೆ ಬಟ್ಟೆ ಬಿರುಸಾಗುವದು. ಒಳ್ಳೆಯ ಹುರಿಯನ್ನು ಬೆರಳು ಮಾತ್ರ ಬಲ್ಲದು. ಆ ಬೆರಳಿನ ಒಡತಿಯ ಹೆಸರನ್ನು ಕೇಳಿದವರು ಯಾರು?

ಕಂಬಳಿಯ ಗುಣಗಳೆಂದು ಹಿರಿಯರು ಹೇಳುತ್ತಿದ್ದುದನ್ನು ನಾವು ಮೂಢನಂಬಿಕೆಯೆಂದು ಎಣಿಸಿದ್ದುಂಟು. ವಿಜ್ಞಾನದ ಪಾಠವನ್ನು ಓದಿದ ಮೇಲೆ ಅವು ನಿಜವೆಂದು ತಿಳಿಯಿತು. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮೈಗೆ ಹಸಿಯೆನಿಸುವದಿಲ್ಲ. ಹೀರುವಾಗ ಅಷ್ಟು ಶಾಖವನ್ನೂ ಹೊರಬಿಡುವದು. ಕುರಿಯ ಮೈಯ ಜಿಡ್ಡು ಎಳೆಯ ಮೇಲೆ ಉಳಿದಿರುವದರಿಂದ ಸಣ್ಣ ಮಳೆಯು ಜಾರಿಹೋಗುವದು. ಬೆಂಕಿಯ ಕಿಡಿ ಬಿದ್ದರೆ ಉಣ್ಣೆಯು ಭಗ್ಗನೆ ಹತ್ತದೆ ಕರಿಕಾಗಿ ಆರಿಹೋಗುವದು. ಇಂಥ ವಸ್ತುವನ್ನು ಹೊದ್ದ ಕುರಿಗಾರನು ಮನೆಯನ್ನೇ ಹೆಗಲ ಮೇಲೆ ಹೊತ್ತು ನಡೆಯುವನೆಂದರೆ ಸಲ್ಲುವದು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ, ಹುಟ್ಟಿದ ಮರಿಗೆ ಜೋಳಿಗೆ: ಎಲ್ಲವೂ ಅದೊಂದೇ.

ಇಳಕಲ್ಲಿನ ಸೀರೆಯ ಮಾತನ್ನು ಇಲ್ಲಿ ಎತ್ತದೆ ಇರಲಾಗದು. ತೋಪತೆನಿಯ ಕೆಂಪು ಸೆರಗು, ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿಹಾಕಿ ಜೋಡಿಸುವ ಆ ಚಾತುರ್ಯ, ಇವುಗಳಿಗಾಗಿ ಲೋಕವು ಅದನ್ನು ಕೊಂಡಾಡಿದೆ. ಅದಕ್ಕೆ ಭೌಗೋಳಿಕ ಗುರುತಿನ, ಎಂದರೆ ಜಿ.ಐ. ಟ್ಯಾಗಿನ, ಮಾನ್ಯತೆಯೂ ದೊರೆತಿದೆ. ಇದು ನಮ್ಮೆಲ್ಲರ ಹೆಮ್ಮೆಯ ಸಂಗತಿಯು. ಆದರೆ ಆ ಸೀರೆಗೆ ಬೇಕಾದ ರೇಷ್ಮೆಯೂ ಬಣ್ಣವೂ ಹೊರಗಿನಿಂದ ಬರತಕ್ಕವು. ಅದೇ ಮನೆಯ ಗೂಟದ ಮೇಲಿರುವ ಕಂಬಳಿಗೆ ಕುರಿ, ಉಣ್ಣೆ, ಕಪ್ಪು, ಹುಣಸೆಬೀಜ, ನೂಲುವ ಕೈ, ನೇಯುವ ಕಾಲು ಎಲ್ಲವೂ ಊರ ಸರಹದ್ದಿನ ಒಳಗಿನವೇ. ಅವ್ವನ ಸೀರೆಯನ್ನು ನಾವು ಬೆಂಗಳೂರಿನ ಸಮಾರಂಭಗಳಿಗೂ ಉಟ್ಟುಕೊಂಡು ಹೋಗುತ್ತೇವೆ. ಅಪ್ಪನ ಕಂಬಳಿಯನ್ನು ಅಟ್ಟದ ಮೇಲೆ ಇಲಿಗಳಿಗೆ ಬಿಟ್ಟಿದ್ದೇವೆ. ಒಂದೇ ಮನೆಯ ಎರಡು ಬಟ್ಟೆಗಳಲ್ಲಿ ಇಷ್ಟು ಭೇದವನ್ನು ಎಣಿಸಿದವರು ಪರದೇಶದವರಲ್ಲ.

ಇದರ ಫಲವೇನಾಯಿತು? 2012 ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು ಸುಮಾರು 96 ಲಕ್ಷ. 2019 ರ ಗಣತಿಯಲ್ಲಿ ಅವು 1 ಕೋಟಿ 10 ಲಕ್ಷವನ್ನು ದಾಟಿದವು. ಭಾರತದಲ್ಲಿ ಅದೇ ಅವಧಿಯಲ್ಲಿ ಆರೂವರೆ ಕೋಟಿಯಿದ್ದುದು 7 ಕೋಟಿ 42 ಲಕ್ಷಕ್ಕೆ ಏರಿತು. ಕುರಿ ಹೆಚ್ಚಿದರೆ ಉಣ್ಣೆ ಹೆಚ್ಚಬೇಕಷ್ಟೆ? ಆದದ್ದು ವಿಪರೀತ. ದೇಶದ ಉಣ್ಣೆಯ ಉತ್ಪತ್ತಿಯು 2014-15 ರಲ್ಲಿ 4 ಕೋಟಿ 81 ಲಕ್ಷ ಕಿಲೊ ಇದ್ದುದು 2022-23 ಕ್ಕೆ 3 ಕೋಟಿ 36 ಲಕ್ಷ ಕಿಲೊಗೆ ಇಳಿಯಿತು. ಕುರಿಯನ್ನು ಈಗ ಮಾಂಸಕ್ಕಾಗಿ ಸಾಕುವರು. ನಮ್ಮ ಭಾಗದಲ್ಲಿ ಉಣ್ಣೆಗಿಂತ ಕೂದಲೇ ಹೆಚ್ಚಾಗಿರುವ ಕೆಂಗುರಿ, ಯಳಗ ಮೊದಲಾದ ಕುರಿಗಳಿಗೆ ಆದರವಿದೆ. ಅಮೀನಗಡದ ಕುರಿಸಂತೆಗೆ ಹೋದವರು ಕುರಿಯ ತೂಕವನ್ನು ಕೇಳುವರೇ ಹೊರತು ಉಣ್ಣೆಯ ಎಳೆಯನ್ನು ಬೆರಳಲ್ಲಿ ತಿರುವಿ ನೋಡುವದಿಲ್ಲ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟದೆ ಅದನ್ನು ಹಳ್ಳದ ದಂಡೆಗೆ ಚೆಲ್ಲುವ ಕುರಿಗಾರರೂ ಇದ್ದಾರೆ. ಅತ್ತ ಪೇಟೆಯಲ್ಲಿ, ಹಳೆಯ ಬಟ್ಟೆಯನ್ನು ಹರಿದು ಮತ್ತೆ ನೂತು ಪಾಣಿಪತ್ತಿನ ಗಿರಣಿಗಳಲ್ಲಿ ಮಾಡಿದ ಹೊದಿಕೆಯು ಅಗ್ಗಕ್ಕೆ ಸಿಕ್ಕುವದು. ಅದನ್ನೂ ನಾವು ಕಂಬಳಿಯೆಂದೇ ಕರೆಯುತ್ತೇವೆ. ಹೆಸರು ಉಳಿದು ವಸ್ತು ಹೋಗುವ ಬಗೆ ಹೀಗೆ. ಬಡವನು ಅಗ್ಗದ್ದನ್ನು ಕೊಂಡರೆ ಅವನನ್ನು ದೂರಲಾಗದು. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಬೆಲೆ ಕಟ್ಟುವ ಉಳ್ಳವರನ್ನು ದೂರಬೇಕು.

ಕಂಬಳಿಗೆ ಈಗ ಗೌರವ ಹೆಚ್ಚಿದೆಯಲ್ಲ, ಸಭೆಗಳಲ್ಲಿ ಮಂತ್ರಿಗಳಿಗೂ ಮುಖಂಡರಿಗೂ ಕಂಬಳಿ ಹೊದಿಸಿ ಸನ್ಮಾನಿಸುವರಲ್ಲ ಎಂದು ಕೆಲವರು ಹೇಳಬಹುದು. ಆ ಪದ್ಧತಿಯನ್ನು ನಾವು ಹಳಿಯುವದಿಲ್ಲ. ಆದರೆ ಹೊದಿಸಿದವರ ಹೆಸರು ಪತ್ರಿಕೆಯಲ್ಲಿ ಬರುವದು, ಹೊದ್ದವರ ಭಾವಚಿತ್ರ ಬರುವದು. ನೂತವಳಿಗೆ ಏನು ಸಂದಿತೆಂಬದು ಬರುವದಿಲ್ಲ. ಬೆಲೆಯಿಲ್ಲದ ಗೌರವವು ಎಣ್ಣೆಯಿಲ್ಲದ ದೀಪದ ಪೂಜೆಯಂತೆ.

ಪಾಲಕರ ಕಡೆಯಿಂದ ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದು ಬರುವದು. ಅದಕ್ಕೆ ನಾವು ಪ್ರಾಮಾಣಿಕವಾಗಿ ಉತ್ತರ ಕೊಡಬೇಕು. 'ರಾಟಿಯ ಮುಂದೆ ಬೆನ್ನು ಬಾಗಿಸಿ ನಮ್ಮವ್ವ ಸವೆದಳು. ಮಗಳ ಬೆನ್ನು ಹಾಗೆ ಬಾಗದಿರಲೆಂದೇ ಹೊಲ ಅಡವಿಟ್ಟು ಅವಳನ್ನು ನಿಮ್ಮ ಶಾಲೆಗೆ ಕಳಿಸಿದೆವು. ಈಗ ನೀವೇ ರಾಟಿಯನ್ನು ಹೊಗಳುವಿರಾ?' ಎಂದು ಅವರು ಕೇಳಿದರೆ ನಮ್ಮ ತಲೆ ತಾನೇ ತಗ್ಗುವದು. ಇಲ್ಲ, ಹೆಣ್ಣುಮಕ್ಕಳನ್ನು ಪುಸ್ತಕ ಬಿಡಿಸಿ ಮತ್ತೆ ರಾಟಿಗೆ ಕೂಡ್ರಿಸಬೇಕೆಂದು ನಾವು ಹೇಳುವವರಲ್ಲ. ಶಾಲೆಯಲ್ಲಿ ವಾರಕ್ಕೊಂದು ತಾಸು ನೂಲಿಸಿ ಕಂಬಳಿಯನ್ನು ಉದ್ಧರಿಸಿದೆವೆಂದು ತೃಪ್ತಿಪಡುವದೂ ನಮಗೆ ಬೇಕಿಲ್ಲ. ನೂಲುವದು ತಾನಾಗಿ ಹೀನವಾದ ಕೆಲಸವಲ್ಲ. ಕೂಲಿಯಿಲ್ಲದೆ, ಹೆಸರಿಲ್ಲದೆ, ಬೇರೆ ದಾರಿಯಿಲ್ಲದೆ ಮಾಡಬೇಕಾಗಿ ಬಂದುದರಿಂದ ಅದು ಹೀನವೆನಿಸಿತು. ಇದನ್ನೇ ಮಾಡಲಿ ಎಂದು ಕಟ್ಟಿಹಾಕುವದು ತಪ್ಪು. ಮಾಡಬಯಸುವವಳು ಉಪವಾಸ ಬೀಳುವಂತೆ ಮಾಡುವದೂ ತಪ್ಪು. ವಿದ್ಯೆಯು ಮೊದಲನೆಯ ತಪ್ಪಿನಿಂದ ನಮ್ಮನ್ನು ಪಾರುಮಾಡಿದೆ. ಎರಡನೆಯದರಿಂದ ನಮ್ಮ ಅವ್ವಂದಿರನ್ನೂ ಅವರ ಕಸಬನ್ನೂ ಪಾರುಮಾಡುವದು ಈಗ ನಮ್ಮ ಪಾಲಿಗಿದೆ.

ಬೇರೆ ದೇಶದವರು ಇದನ್ನು ಹೇಗೆ ಸಾಧಿಸಿದರೆಂಬದಕ್ಕೆ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಸ್ಕಾಟ್ಲೆಂಡಿನ ವಾಯವ್ಯದ ದ್ವೀಪಗಳಲ್ಲಿ ಬಡ ಒಕ್ಕಲಿಗರು ನೇಯುತ್ತಿದ್ದ ಒರಟು ಉಣ್ಣೆಯ ಬಟ್ಟೆಯೊಂದಿತ್ತು. ಅದಕ್ಕೆ ಹ್ಯಾರಿಸ್ ಟ್ವೀಡ್ ಎಂದು ಹೆಸರು. 1840 ರ ದಶಕದಲ್ಲಿ ಅಲ್ಲಿನ ಜಮೀನುದಾರ ಮನೆತನದ ಲೇಡಿ ಡನ್‌ಮೋರಳು ಅದನ್ನು ಶ್ರೀಮಂತರಿಗೆ ಪರಿಚಯಿಸಿದಳು. ಹೆಸರು ಬೆಳೆದಂತೆ ನಕಲಿಯೂ ಬೆಳೆಯಿತು. ಆಗ ಅವರು ಮುದ್ರೆಯೊಂದನ್ನು ಮಾಡಿಕೊಂಡರು. 1993 ರಲ್ಲಿ ಬ್ರಿಟಿಶ್ ಪಾರ್ಲಿಮೆಂಟು ಕಾಯದೆಯನ್ನೇ ಮಾಡಿತು. ಅದರಂತೆ, ಶುದ್ಧ ಉಣ್ಣೆಗೆ ಆ ದ್ವೀಪಗಳಲ್ಲಿಯೇ ಬಣ್ಣ ಕೊಟ್ಟು, ಅಲ್ಲಿಯೇ ನೂತು, ದ್ವೀಪದವರು ತಮ್ಮ ಮನೆಗಳಲ್ಲಿ ಕೈಯಿಂದ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುವದು. ಆ ಬಟ್ಟೆಯೂ ನಮ್ಮ ಕಂಬಳಿಯಂತೆ ಮೈಗೆ ಚುಚ್ಚುವದೇ. ಅದರ ಒರಟುತನವನ್ನು ಅವರು ಮುಚ್ಚಿಡಲಿಲ್ಲ. ಅದೇ ಅದರ ಗುರುತೆಂದು ಹೇಳಿ ಬೆಲೆ ಪಡೆದರು.

ನಾವು ಮಾಡಬಹುದಾದುದೇನು? ಹಳೆಯ ವಿದ್ಯಾರ್ಥಿನಿಯರು ಇಂದು ಶಿಕ್ಷಕಿಯರಾಗಿ, ದಾದಿಯರಾಗಿ, ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಅಧಿಕಾರಿಗಳಾಗಿ ಹಲವು ಊರುಗಳಲ್ಲಿದ್ದೇವೆ. ಮೊದಲನೆಯದಾಗಿ, ಮಾತನ್ನು ಶುದ್ಧವಾಗಿಡೋಣ. ಗಿರಣಿಯ ಹೊದಿಕೆಯನ್ನು ಹೊದಿಕೆಯೆನ್ನೋಣ. ಕುರಿಯ ಉಣ್ಣೆಯನ್ನು ಕೈಯಿಂದ ನೂತು ನೇಯ್ದುದನ್ನೇ ಕಂಬಳಿಯೆನ್ನೋಣ. ಎರಡನೆಯದಾಗಿ, ಕೊಳ್ಳುವಾಗ ಚೌಕಾಸಿಗೆ ಇಳಿಯುವ ಮೊದಲು 'ಇದನ್ನು ನೂತವರು ಯಾರು?' ಎಂದು ಕೇಳೋಣ. ಕೇಳುವವರು ಹತ್ತು ಜನರಾದರೆ ಮಾರುವವನು ಹೇಳಲು ಕಲಿಯುವನು. ಹೇಳತೊಡಗಿದ ಮೇಲೆ ಅವಳ ಪಾಲಿನ ಮಾತೂ ಮನೆಯಲ್ಲಿ ಏಳುವದು. ಮೂರನೆಯದಾಗಿ, ನಮ್ಮ ವಿದ್ಯೆಯನ್ನು ಅತ್ತ ತಿರುಗಿಸೋಣ. ಲೆಕ್ಕ ಬಲ್ಲವಳು ನೂಲುವವರ ಸಂಘದ ವಹಿಯನ್ನು ಬರೆದುಕೊಡಬಲ್ಲಳು. ಪಶುವೈದ್ಯ ಓದಿದವಳು ದಖ್ಖನಿ ತಳಿಯನ್ನು ಕಾಯುವ ಮಾತನ್ನು ಕುರಿಗಾರರಿಗೆ ಹೇಳಬಲ್ಲಳು. ಕಾಯದೆ ಬಲ್ಲವಳು ಇಳಕಲ್ ಸೀರೆಗೆ ದೊರೆತಂಥ ರಕ್ಷಣೆಯನ್ನು ಉಣ್ಣೆಗೆ ದೊರಕಿಸುವ ದಾರಿಯನ್ನು ಹುಡುಕಬಲ್ಲಳು.

ಕಂಬಳಿಯಲ್ಲಿ ಕುಳಿತು ಉಣ್ಣುತ್ತ ಕೂದಲು ಬಂತೆನ್ನಬಾರದೆಂದು ನಮ್ಮಲ್ಲೊಂದು ಗಾದೆಯುಂಟು. ಆ ಕಂಬಳಿಯ ಮೇಲೆ ಕುಳಿತೇ ನಮ್ಮ ಮೊದಲ ತುತ್ತನ್ನು ಉಂಡೆವು. ಅದರ ಗಳಿಕೆಯಿಂದ ನಮ್ಮಲ್ಲಿ ಕೆಲವರ ಶಾಲೆಯ ಫೀಯೂ ತುಂಬಿತು. ಬಳಿಕ ಕೂದಲು ಬಂತೆಂದು ಮೂಗು ಮುರಿದವರೂ ನಾವೇ. ನಮ್ಮ ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಜ್ಞಾನೋಕ್ತಿಗಳ ಕಡೆಯ ಅಧ್ಯಾಯವನ್ನು ಎಷ್ಟು ಸಲ ಕೇಳಿಲ್ಲ! ಅಲ್ಲಿ ಹೊಗಳಿಸಿಕೊಂಡ ಗೃಹಿಣಿಯು ಉಣ್ಣೆಯನ್ನು ಹುಡುಕಿ ತಂದು ಮನಸಾರೆ ದುಡಿಯುವವಳು, ಕದಿರಿಗೆ ಕೈಯಿಕ್ಕುವವಳು. ಆದರೆ ಆ ಅಧ್ಯಾಯವು ಹೊಗಳಿಕೆಯಲ್ಲಿಯೇ ಮುಗಿಯುವದಿಲ್ಲ. ಅವಳ ಕೈಗೆಲಸದ ಫಲವು ಅವಳಿಗೆ ಸಲ್ಲಲೆಂಬ ಅಪ್ಪಣೆಯೊಂದಿಗೆ ಮುಗಿಯುವದು. ನಾವು ಹೊಗಳಿಕೆಯನ್ನು ಬಾಯಿಪಾಠಮಾಡಿ ಅಪ್ಪಣೆಯನ್ನು ಮರೆತೆವು.

ಸೋದರಿಯರೇ, ಈ ಸಲ ಊರಿಗೆ ಹೋದಾಗ ಅಟ್ಟವನ್ನು ಹತ್ತಿ ನೋಡಿರಿ. ಹಳೆಯ ಕಂಬಳಿಯು ಸಿಕ್ಕೀತು. ಅದನ್ನು ಜಾಡಿಸಿ ಬಿಸಿಲಿಗೆ ಹಾಕಿ, ಮನೆಯ ಹಿರಿಯರನ್ನು ಕರೆದು, ಇದನ್ನು ನೂತವರು ಯಾರೆಂದು ಕೇಳಿರಿ. ಅವರು ಒಂದು ಹೆಸರನ್ನು ಹೇಳುವರು. ಆ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿರಿ. ಆಕೆ ಇನ್ನೂ ಬದುಕಿದ್ದರೆ, ಹೋಗಿ ಕಂಡು, ಹೊಸದೊಂದನ್ನು ಹೇಳಿ ಮಾಡಿಸಿ, ಬೆಲೆಯನ್ನು ಆಕೆಯ ಕೈಯಲ್ಲಿಯೇ ಇಡಿರಿ.